ಬೇರು ಮುಳುಗಿದರೆ ತಾಟು ಬಡಿಯಬೇಕು

ಲೋಕದ ಮಂದಿಯೆಲ್ಲ ತೇಲಬೇಕೆಂದು ಒದ್ದಾಡುತ್ತಾರೆ. ನಾವು ಗಂಡ ಹೆಂಡತಿ ಮಾತ್ರ ಮುಳುಗಿಸಿ ಹೊಟ್ಟೆ ಹೊರೆದವರು. ಕಾಡುಜಾಲಿಯ ಬೇರು, ಹುಣಸೆಯ ಬೊಡ್ಡೆ, ಕೆರೆಯ ದಂಡೆಯಲ್ಲಿ ಒಣಗಿ ಬಿದ್ದ ಸೊಟ್ಟ ಟೊಂಗೆ, ಇವನ್ನೆಲ್ಲ ತಂದು, ತಿಕ್ಕಿ, ಕುದಿಸಿ, ನೆನೆಹಾಕಿ, ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರಿಗೆ ಅಲಂಕಾರಕ್ಕೆಂದು ಕೊಡುವುದು ನಮ್ಮ ಕೆಲಸ. ಶಹಾಪುರದಲ್ಲಿ ನಮ್ಮ ಓಣಿಯವರಿಗೆ ಇದನ್ನು ತಿಳಿಸಿ ಹೇಳುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಯಿತು.

ಈಗ ಸುರಪುರದ ಕಡೆಯ ಕೆಲವು ಹೆಣ್ಣುಮಕ್ಕಳು ಈ ಕೆಲಸ ಕಲಿಯುತ್ತೇವೆಂದು ಬರುತ್ತಿದ್ದಾರೆ. ಅವರಿಗೆ ಬಾಯಿಂದ ಹೇಳಲು ಹೋದರೆ ನನಗೆ ನಗು ಬಂದು ಮಾತು ನಿಲ್ಲುತ್ತದೆ, ಕೆಲವೊಮ್ಮೆ ಬೇರೆ ಕಾರಣಕ್ಕೂ ನಿಲ್ಲುತ್ತದೆ, ಅದಕ್ಕೇ ಬರೆದಿಡುತ್ತಿದ್ದೇನೆ. ನಮ್ಮ ಮನೆಯವರು ತೀರಿಕೊಂಡ ಮೇಲೆ ನಾನು ಕೆಲಸ ಬಿಟ್ಟೆ. ಅಂಗಳದ ಸಿಮೆಂಟಿನ ತೊಟ್ಟಿಯಲ್ಲಿ ಒಂದೇ ಒಂದು ಬೇರು ಉಳಿದಿತ್ತು. ಅದರ ಕಥೆಯನ್ನು ಕೊನೆಗೆ ಹೇಳುತ್ತೇನೆ, ಯಾಕೆಂದರೆ ಅದು ಎಲ್ಲಕ್ಕಿಂತ ಕೊನೆಗೆ ಮುಳುಗಬೇಕಾದ ಬೇರು.

ಮೊದಲು ಆರಂಭ. ನಮ್ಮ ಮನೆಯವರು ಬಡಿಗರು. ಬಾಗಿಲು, ಚೌಕಟ್ಟು, ಕಿಟಕಿ ಮಾಡುತ್ತಿದ್ದರು. ಅಂಗಡಿಯ ಮುಂದೆ ಒಂದು ಜಾಲಿ ಬೇರು ಬಿದ್ದಿತ್ತು. ಅದಕ್ಕೆ ನಮ್ಮ ಆಡು ಕಟ್ಟುತ್ತಿದ್ದೆವು. ಒಂದು ದಿನ ಹೈದರಾಬಾದಿನ ಒಬ್ಬ ಸೇಠ್ ಕಾರು ನಿಲ್ಲಿಸಿ ಇಳಿದರು. ಅಲ್ಲಿ ಅವರದು ಬಣ್ಣದ ಮೀನುಗಳ ದೊಡ್ಡ ಅಂಗಡಿ. ಅವರು ನಾವು ಮಾಡಿಟ್ಟ ಬಾಗಿಲು ನೋಡಲಿಲ್ಲ, ಆಡು ನೋಡಲಿಲ್ಲ, ಬೇರಿನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ಇದು ಕೊಡ್ತೀರೇನ್ರಿ? ಮೀನಿನ ತೊಟ್ಟಿಯೊಳಗ ಇಡಾಕ."

"ಮೀನಿಗಿ ಇದು ಯಾಕ್ರಿ?" ಎಂದು ನಾನು ಕೇಳಿದೆ.

"ಅದರ ಸಂದಿನ್ಯಾಗ ಅಡಗಿ ಕೂಡ್ತಾವ್ರಿ. ಅವಕ್ಕೂ ಮನಿ ಬೇಕಲ್ಲ?"

ನಮ್ಮ ಮನೆಯವರು ನನ್ನ ಕಡೆ ನೋಡಿದರು. "ಇಷ್ಟ್ ದಿನ ಮಂದಿಗಿ ಬಾಗಿಲಾ ಮಾಡಿದ್ವಿ. ಇನ್ನ ಮೀನಿಗಿ ಮಂಚಾ ಮಾಡೂಣು" ಎಂದರು. ಬೇರನ್ನು ಕಾರಿನಲ್ಲಿ ಹಾಕಿ ಕಳಿಸಿದ ಮೇಲೆಯೇ ಆಡಿನ ನೆನಪಾದದ್ದು. ಅದು ಹಗ್ಗ ಎಳೆದುಕೊಂಡು ತರಕಾರಿ ಬಜಾರು ಸೇರಿ, ಯಾರದೋ ಮೆಂತ್ಯೆ ಸೊಪ್ಪಿನ ಗುಡ್ಡೆಯ ಮೇಲೆ ನಿಂತಿತ್ತು.

ಸೇಠ್ ಇನ್ನೊಂದು ಬೇರು ಮಾಡಿ ಇಡಿರಿ ಎಂದಿದ್ದರು. ಇನ್ನು ಇಲ್ಲಿ ನೋಡಿರಿ, ಬಡಿಗರು ಮಾತ್ರ ಮಾಡಬಹುದಾದ ತಪ್ಪು. ನಮ್ಮ ಮನೆಯವರು ಆ ಬೇರಿನ ಗಂಟೆಲ್ಲ ಕೆತ್ತಿ ತೆಗೆದರು. ಉಸುಕಿನ ಕಾಗದ ಹಾಕಿ ಕೆನ್ನೆಯಂತೆ ನುಣುಪು ಮಾಡಿದರು. ಆಮೇಲೆ ಮೇಲಿಂದ ಮೇಲೆ ವಾರ್ನಿಶ್ ಹಚ್ಚಿದರು. ಮುಖ ಕಾಣುತ್ತಿತ್ತು ಅದರಲ್ಲಿ. ನಾನು ಅದನ್ನು ನೋಡಿಕೊಂಡು ಹೆರಳು ಸರಿ ಮಾಡಿಕೊಂಡೆ. ಸೇಠ್ ಬಂದು ನೋಡಿ ತಲೆಯ ಮೇಲೆ ಕೈ ಹೊತ್ತರು.

"ಮೀನಿಗಿ ಡೈನಿಂಗ್ ಟೇಬಲ್ ಮಾಡೀರೇನ್ರಿ? ವಾರ್ನಿಶ್ ನೀರಿನ್ಯಾಗ ಬಿಟ್ರ ನನ್ನ ಮೀನು ಊಟಕ್ಕ ಕೂಡಂಗಿಲ್ಲ, ತಾವೇ ಊಟ ಆಗ್ತಾವ."

ಆದ್ದರಿಂದ ಮೊದಲ ಪಾಠ ಇದು. ಬಣ್ಣ ಇಲ್ಲ, ವಾರ್ನಿಶ್ ಇಲ್ಲ, ಎಣ್ಣೆ ಇಲ್ಲ, ಅಂಟು ಇಲ್ಲ. ಸೊಟ್ಟಗಿರುವುದನ್ನು ಸೊಟ್ಟಗೇ ಬಿಡುವುದನ್ನು ಕಲಿಯಲು ಒಬ್ಬ ಬಡಿಗನಿಗೆ ಎಷ್ಟು ಕಷ್ಟ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಷ್ಟೋ ದಿನ ಅವರ ಕೈ ತಾನಾಗಿಯೇ ಹಲಗೆ ಹೆರೆದು ನುಣುಪು ಮಾಡುವ ರಂದದ ಕಡೆಗೆ ಹೋಗುತ್ತಿತ್ತು. ನಾನು ರಂದವನ್ನು ಜೋಳದ ಡಬ್ಬಿಯಲ್ಲಿ ಅಡಗಿಸಿಟ್ಟೆ.

ಕಟ್ಟಿಗೆ ಆರಿಸುವುದು ಎರಡನೆಯ ಪಾಠ. ಹಸಿ ಕಟ್ಟಿಗೆ ಬೇಡ. ಅಂಟು ಒಸರುವುದು ಬೇಡ. ಔಷಧಿ ಹೊಡೆದ ಹೊಲದ ಬದುವಿನದು ಬೇಡವೇ ಬೇಡ. ನಾವು ಕೊಂಕಲ್ ಕಡೆಗೆ ಹೋದರೆ ರೈತರು ಬದುವಿನ ಜಾಲಿ ಕಿತ್ತು ಗುಡ್ಡೆ ಹಾಕಿರುತ್ತಿದ್ದರು. "ಒಯ್ರೆವ್ವ, ಪುಣ್ಯಾ ಬರ್ತದ, ನಮಗ ಸುಡೂದು ತಪ್ತದ" ಎನ್ನುತ್ತಿದ್ದರು. ನಾನು ಮಾತ್ರ, ಇಲ್ಲಿ ಏನು ಹೊಡೆದೀರಿ, ಯಾವಾಗ ಹೊಡೆದೀರಿ ಎಂದು ಪೊಲೀಸರ ಹಾಗೆ ಕೇಳಿಯೇ ಮುಟ್ಟುತ್ತಿದ್ದೆ. ಒಮ್ಮೆ ನಮ್ಮ ಮನೆಯವರು ಬೇವಿನ ಬೊಡ್ಡೆ ತಂದರು. "ಬೇವು ಆರೋಗ್ಯಕ್ಕ ಛಲೋ" ಎಂದರು. "ಮೀನಿಗೂ ಯುಗಾದಿ ಮಾಡಿಸ್ತೀರೇನು?" ಎಂದೆ. ಆ ಬೇವು ನಮ್ಮ ಒಲೆಗೆ ಹೋಯಿತು.

ಕೆಲಸವನ್ನು ನಾವು ಹಂಚಿಕೊಂಡಿದ್ದೆವು. ಆರಿಸುವುದು, ಕೊಯ್ಯುವುದು, ಕೊಳೆತ ಭಾಗ ಕೆತ್ತುವುದು, ತಂತಿಯ ಬ್ರಷ್ಷಿನಿಂದ ತೊಗಟೆ ತೆಗೆಯುವುದು ಅವರದು. ಕುದಿಸುವುದು, ನೆನೆಹಾಕುವುದು, ನೀರು ಬದಲಿಸುವುದು ನನ್ನದು. ಅವರು ಬೇರಿನ ಮುಖ ನೋಡುತ್ತಿದ್ದರು, ನಾನು ತೂಕ ನೋಡುತ್ತಿದ್ದೆ. ಬೆರಳಿನ ಗೆಣ್ಣಿನಿಂದ ಬಡಿದರೆ ಗಟ್ಟಿ ಕಟ್ಟಿಗೆ ಬಾಗಿಲಿನ ಹಾಗೆ ಸದ್ದು ಮಾಡುತ್ತದೆ. ಒಳಗೆ ಗಾಳಿ ತುಂಬಿದ್ದು ಸೋರೆಬುರುಡೆಯ ಹಾಗೆ ಸದ್ದು ಮಾಡುತ್ತದೆ. ಸೋರೆಬುರುಡೆಯ ಸದ್ದು ಕೇಳಿದರೆ ನಾನು ಕೈ ಮುಗಿದು ಹಿಂದೆ ಸರಿಯುತ್ತಿದ್ದೆ, ಅವರು ಅದನ್ನೇ ಹೆಗಲ ಮೇಲೆ ಹೊತ್ತುಕೊಂಡು ನನಗಿಂತ ಮುಂದೆ ನಡೆಯುತ್ತಿದ್ದರು.

ಕುದಿಸಲು ನಮ್ಮ ಮನೆಯ ಪಾತ್ರೆ ಸಾಲಲಿಲ್ಲ. ಪಕ್ಕದ ಮನೆಯ ಖಾಜಾಬಿ ನನ್ನ ಗೆಳತಿ. ಅವರ ಮನೆಯಲ್ಲಿ ಮದುವೆಗೆ ಬಾಡಿಗೆ ಕೊಡುವ ದೇಗುಗಳಿದ್ದವು, ಬಿರ್ಯಾನಿ ಮಾಡುವ ದೊಡ್ಡ ತಾಮ್ರದ ಪಾತ್ರೆಗಳು. ಒಂದು ಹಳೆಯ, ಸೊಟ್ಟಾದ ದೇಗನ್ನು ಆಕೆ ನಮಗೇ ಬಿಟ್ಟುಕೊಟ್ಟಳು. ಬೇರು ಕುದಿಯುವಾಗ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು.

"ಅಕ್ಕಾ, ಉಪ್ಪು ನೋಡಿದೇನ? ಬೇರಿನ ಬಿರ್ಯಾನಿ ದಮ್ ಆಯ್ತೇನ?"

"ಬಾ, ನಿನಗ ನಲ್ಲಿ ಎಲುಬಿನ ಪೀಸ್ ಇಟ್ಟೀನಿ" ಎಂದು ನಾನು ಒಂದು ಗಂಟನ್ನು ಎತ್ತಿ ತೋರಿಸುತ್ತಿದ್ದೆ.

ಜಾಲಿ ಕುದಿಸಿದ ನೀರು ಗಾಢ ಚಹಾ ಬಣ್ಣಕ್ಕೆ ತಿರುಗುತ್ತದೆ. ಅದರ ಒಗರು ಬಿಡುವ ತನಕ ಕುದಿಸಿ ಚೆಲ್ಲಬೇಕು, ಮತ್ತೆ ಕುದಿಸಬೇಕು. ಒಂದು ದಿನ ಆ ನೀರನ್ನು ಬಣ್ಣ ನೋಡಲೆಂದು ಗಾಜಿನ ಲೋಟದಲ್ಲಿ ತೆಗೆದು ಕಟ್ಟೆಯ ಮೇಲೆ ಇಟ್ಟಿದ್ದೆ. ಸೇಠ್ ಬಂದರು, ಬಿಸಿಲಲ್ಲಿ ಬಂದಿದ್ದರು, ಕೂತರು, ಲೋಟ ಎತ್ತಿದರು. ನಾನು ಒಳಗಿನಿಂದ ನೋಡಿದಾಗ ಅರ್ಧ ಖಾಲಿಯಾಗಿತ್ತು. ಅವರ ತುಟಿ ಹೊಲಿಗೆ ಹಾಕಿದ ಚೀಲದ ಹಾಗೆ ಮುದುಡಿತ್ತು.

"ಸುಲೇಮಾನಿ ಚಹಾ ಛಲೋ ಅದ್ರಿ," ಎಂದರು, ದೊಡ್ಡ ಮನುಷ್ಯರು ಪಾಪ, ಮರ್ಯಾದೆಯವರು. "ಜರಾ ಶಕ್ಕರ್ ಕಮ್ಮಿ."

ನಮ್ಮ ಮನೆಯವರು ಎದ್ದು ಹಿತ್ತಲಿಗೆ ಹೋದರು. ಅಲ್ಲಿಂದ ಕೆಮ್ಮಿನ ಸದ್ದು ಬಹಳ ಹೊತ್ತು ಬರುತ್ತಿತ್ತು. ಅದು ಕೆಮ್ಮಲ್ಲ ಎಂಬುದು ನನಗೆ ಗೊತ್ತಿತ್ತು.

ಕುದಿಸಿದ ಮೇಲೆ ತೊಟ್ಟಿಗೆ ಹಾಕುವುದು. ಮೊದಲು ಬೇರು ಎಮ್ಮೆಯ ಹಾಗೆ ತೇಲುತ್ತದೆ. ದಿನ ಕಳೆದಂತೆ ಒಂದು ತುದಿ ಕೆಳಗೆ ಹೋಗುತ್ತದೆ. ಆಮೇಲೆ ತಲೆ ಕೆಳಗೆ ಮಾಡಿ ನಿಲ್ಲುತ್ತದೆ. ಒಂದು ದಿನ ಯಾರೂ ನೋಡದಾಗ ಸುಮ್ಮನೆ ತಳಕ್ಕೆ ಕೂತಿರುತ್ತದೆ. ಇದರ ಮೇಲೆ ನಾವು ಪಂದ್ಯ ಕಟ್ಟುತ್ತಿದ್ದೆವು. ಯಾವುದು ಮೊದಲು ಮುಳುಗುತ್ತದೆ ಎಂದು ಇಬ್ಬರೂ ಒಂದೊಂದು ಬೇರು ಹಿಡಿಯುವುದು. ಗೆದ್ದವರು ಮೊಳೆಗೆ ತೂಗುಹಾಕಿದ ಸ್ಟೀಲಿನ ತಾಟನ್ನು ಸೌಟಿನಿಂದ ಬಡಿಯಬೇಕು. ಸೋತವರು ಚಹಾ ಮಾಡಬೇಕು. ಓಣಿಯಲ್ಲಿ ತಾಟಿನ ಸದ್ದು ಕೇಳಿದರೆ ಖಾಜಾಬಿ ಗೋಡೆಯಾಚೆಯಿಂದಲೇ "ಯಾರ್ ಗೆದ್ರು?" ಎನ್ನುತ್ತಿದ್ದಳು. ಹೆಚ್ಚು ಕಡಿಮೆ ನಾನೇ ಗೆಲ್ಲುತ್ತಿದ್ದೆ. ಹೆಚ್ಚು ಕಡಿಮೆ ಅವರೇ ಚಹಾ ಮಾಡುತ್ತಿದ್ದರು. ಕೊನೆಕೊನೆಗೆ ಅವರ ಚಹಾ ಬಹಳ ಚೆನ್ನಾಗಿ ಆಗುತ್ತಿತ್ತು.

ಬೇರು ಸಾಗಿಸುವುದು ಇನ್ನೊಂದು ಗೋಳು. ಗುರುಮಠಕಲ್ಲಿನ ಒಬ್ಬ ಮೇಷ್ಟ್ರು ತಮ್ಮ ಮನೆಯ ತೊಟ್ಟಿಗೆ ಒಂದು ಕೇಳಿದ್ದರು. ಕವಲು ಕವಲಾಗಿ ಬಹಳ ಚೆಂದ ಇತ್ತು. ನನ್ನ ಹಳೆಯ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತೆವು. ಕವಲುಗಳು ಸೀರೆಯಿಂದ ಹೊರಗೆ ಬಂದಿದ್ದವು. ಯಾದಗಿರಿ ದಾಟಿದ ಮೇಲೆ ಪಕ್ಕದ ಸೀಟಿನ ತೆಲುಗಿನ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, "ಜಿಂಕ ಕೊಮ್ಮುಲು!" ಎಂದು ಕೂಗಿಬಿಟ್ಟಳು. ಜಿಂಕೆಯ ಕೊಂಬು! ಇಡೀ ಬಸ್ಸು ತಿರುಗಿತು. ಕಂಡಕ್ಟರ್ ಬಂದ.

"ಏನ್ರಿ ಹಿರಿಯರಾ, ಬ್ಯಾಟಿ ಆಡಿ ಬರಾಕತ್ತೀರೇನು?"

"ಇಲ್ಲಪ್ಪ, ಕಟಗಿ ಅದು. ಮೀನಿಗಿ."

"ಮೀನು ಕಟಗಿ ತಿಂತಾವೇನ್ರಿ?"

"ತಿನ್ನಂಗಿಲ್ಲ. ಅದರ ಕೆಳಗ ಮಲಗ್ತಾವ."

ಬಸ್ಸಿನಲ್ಲಿ ಒಬ್ಬರೂ ನಂಬಲಿಲ್ಲ. ಕೊಂಬಾಗಿದ್ದರೆ ನಂಬುತ್ತಿದ್ದರು. ಕೊನೆಗೆ ನಮ್ಮ ಮನೆಯವರು ಕಿಸೆಯಿಂದ ಚಾಕು ತೆಗೆದು ಒಂದು ಚಕ್ಕೆ ಕೆತ್ತಿ ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಅದನ್ನು ಮೂಸಿದಳು, ಕಚ್ಚಿದಳು, ಹೌದೆಂದು ತಲೆ ಆಡಿಸಿದಳು. ಆಮೇಲೆ ಹಲ್ಲುಕಡ್ಡಿಗೆಂದು ಅದನ್ನು ಸೆರಗಿಗೆ ಕಟ್ಟಿಕೊಂಡಳು. ಕಂಡಕ್ಟರ್ ಮಾತ್ರ ಬಿಡಲಿಲ್ಲ. ಕೊಂಬಿಗೆ ಟಿಕೇಟು ಇರಲಿಲ್ಲ, ಲಗೇಜಿಗೆ ಇತ್ತು, ತಗೊಂಡೆವು.

ಇನ್ನೊಂದು ಸಲ ಹೆಡೆ ಎತ್ತಿದ ಹಾವಿನಂಥ ಬೇರು ತೊಟ್ಟಿಯಲ್ಲಿತ್ತು. ನಾಗರಪಂಚಮಿಯ ದಿನ ನಾವು ಸುರಪುರಕ್ಕೆ ಹೋಗಿದ್ದೆವು. ತಿರುಗಿ ಬಂದು ನೋಡಿದರೆ ನೀರು ಬೆಳ್ಳಗೆ! ಓಣಿಯ ಹೆಣ್ಣುಮಕ್ಕಳು ಗೋಡೆಯಾಚೆಯಿಂದ ನಾಗಪ್ಪನನ್ನು ಕಂಡು, ಬಂದು ಹಾಲು ಹೊಯ್ದು, ಅರಳು ಚೆಲ್ಲಿ, ಹೂವು ಏರಿಸಿ ಹೋಗಿದ್ದರು. ಮರುದಿನ ಆ ತೊಟ್ಟಿಯ ವಾಸನೆಗೆ ಬೆಕ್ಕು ಸಹ ಓಣಿ ಬಿಟ್ಟಿತು. ತೊಳೆಯಲು ನಿಂತರೆ ಹಿರಿಯಳೊಬ್ಬಳು ಬಂದು, "ನಾಗಪ್ಪಗ ಬ್ರಷ್ ಹಾಕಿ ತಿಕ್ಕಾಕತ್ತಾಳ ನೋಡ್ರೆ!" ಎಂದು ಬಾಯಿ ಬಡಿದುಕೊಂಡಳು. ಅದನ್ನು ಕುದಿಸಿದ್ದೇನೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಆ ಬೇರು ಸೇಠ್‌ನ ಗಾಡಿ ಏರುವಾಗ ಓಣಿಯವರು ಕೈ ಮುಗಿದರು. ಸೇಠ್ ತಮಗೇ ಮುಗಿದರೆಂದು ತಿಳಿದು ಸಲಾಮು ಹೇಳಿದರು.

ಹೊಸಬರಿಗೆ ಇನ್ನೊಂದು ಮಾತು. ಹೊಸ ಕಟ್ಟಿಗೆಯ ಮೇಲೆ ಕೆಲವು ದಿನ ಬಿಳಿ ಲೋಳೆ ಬರುತ್ತದೆ. ಕೊಂಡವರು ಫೋನು ಮಾಡಿ ಅಳುತ್ತಾರೆ. ಹೆದರಬೇಡಿರಿ ಎಂದು ಹೇಳಿರಿ, ತಿಕ್ಕಿ ತೊಳೆದರೆ ಹೋಗುತ್ತದೆ, ಬಿಟ್ಟರೆ ಬಸವನಹುಳು ತಿನ್ನುತ್ತದೆ. ಈಗ ಎಲ್ಲವೂ ಮೊಬೈಲಿನಲ್ಲಿ. ಫೋಟೋ ಕಳಿಸಿದರೆ ಬೇರು ಮಾರಾಟ. ಮುಳುಗುವ ತನಕ ಕಾಯುವ ತಾಳ್ಮೆ ಯಾರಿಗೂ ಇಲ್ಲ. ಕೆಳಗೆ ಒಂದು ಕಲ್ಲು ಇಟ್ಟು, ಬೇರಿಗೆ ತೂತು ಹಾಕಿ ತಿರುಪು ಬಿಗಿಯುತ್ತಾರೆ. ತಪ್ಪೇನೂ ಅಲ್ಲ, ತುಕ್ಕು ಹಿಡಿಯದ ತಿರುಪು ಇರಲಿ, ನೀರಿನಲ್ಲಿ ಕರಗದ ಕಲ್ಲು ಇರಲಿ. ನಮ್ಮ ಮನೆಯವರಿಗೆ ಮಾತ್ರ ಅದು ಸೇರುತ್ತಿರಲಿಲ್ಲ. "ಮಗಳನ್ನ ಕೊಟ್ಟ ಮನಿಗಿ ಹಗ್ಗಾ ಕಟ್ಟಿ ಕಳಿಸಿದಂಗ" ಎನ್ನುತ್ತಿದ್ದರು.

ಈಗ ಆ ಕೊನೆಯ ಬೇರು.

ಹತ್ತಿಕುಣಿಯ ಕೆರೆಯಲ್ಲಿ ನೀರು ಇಳಿದಾಗ ದಂಡೆಯ ಮೇಲೆ ಸಿಕ್ಕದ್ದು. ಅಂಗೈ ಬಿಚ್ಚಿ ಮೇಲಕ್ಕೆ ಹಿಡಿದ ಹಾಗೆ ಇತ್ತು. ನಾನು ಗೆಣ್ಣಿನಿಂದ ಬಡಿದೆ. ಶುದ್ಧ ಸೋರೆಬುರುಡೆ.

"ಬ್ಯಾಡ್ರಿ ಇದು. ಜನ್ಮದಾಗ ಮುಳುಗಂಗಿಲ್ಲ."

"ಮುಳುಗ್ತದ."

"ಕಲ್ಲು ಕಟ್ಟಬೇಕಾಗ್ತದ."

"ಕಲ್ಲು ಇಲ್ಲ, ತಿರುಪು ಇಲ್ಲ. ತಾನ ಮುಳುಗ್ತದ. ಪಂದ್ಯ ಕಟ್ಟು."

"ಏನ್ ಪಂದ್ಯ?"

ಅವರು ಬೇರನ್ನು ಹೆಗಲಿಗೆ ಏರಿಸಿಕೊಂಡು ನಕ್ಕರು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ, ಆರತಿಯಲ್ಲಿ ಎಲ್ಲರೂ ಒತ್ತಾಯ ಮಾಡಿದಾಗ ಪ್ರಾಸ ಕಟ್ಟಿ, ಒಡಪು ಹಾಕಿ, ಅದರೊಳಗೆ ಹೆಸರು ಅಡಗಿಸಿ ಹೇಳುತ್ತಾರೆ. ನನ್ನ ಮದುವೆಯಲ್ಲಿ ನನಗೆ ಎಷ್ಟು ನಗು ಬಂತೆಂದರೆ ಒಡಪೆಲ್ಲ ಜೋರಾಗಿ ಹೇಳಿ ಹೆಸರಿನ ಹತ್ತಿರ ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡುಬಿಟ್ಟೆ. ಅವರು ಅದನ್ನು ಜೀವಮಾನವಿಡೀ ಮರೆಯಲಿಲ್ಲ.

"ಮದುವ್ಯಾಗ ನೀ ನನ್ನ ಹೆಸರು ಹೇಳಿದ್ದು ನನಗ ಕೇಳಿಸೇ ಇಲ್ಲ" ಎಂದರು. "ಇದು ಮುಳುಗಿದ್ರ ಓಣ್ಯಾಗ ನಿಂತು, ತಾಟು ಬಡದು, ಒಡಪು ಹಾಕಿ ನನ್ನ ಹೆಸರು ಹೇಳಬೇಕು. ಎಲ್ಲಾರಿಗೂ ಕೇಳಬೇಕು."

"ಆಗಲಿ. ಮುಳುಗಲಿಲ್ಲಾಂದ್ರ ಸಾಯೂತನಕ ಚಹಾ ನೀವೇ ಮಾಡಬೇಕು."

"ಈಗೇನ್ ನೀ ಮಾಡಾಕತ್ತೀಯೇನು?" ಎಂದರು.

ಆ ಬೇರು ದೇಗಿನಲ್ಲಿ ಹಿಡಿಸಲಿಲ್ಲ. ಒಂದು ಕಡೆ ಕುದಿಸಿ, ತಿರುವಿ, ಇನ್ನೊಂದು ಕಡೆ ಕುದಿಸಿ ತೊಟ್ಟಿಗೆ ಹಾಕಿದೆವು. ಅದು ಹಾಯಾಗಿ ತೇಲಿತು. ನಾನು ದಿನಾ ಬೆಳಿಗ್ಗೆ ಅದಕ್ಕೆ "ಶರಣ್ರಿ" ಎಂದು ಹೇಳಿ ಅವರ ಕಡೆ ನೋಡುತ್ತಿದ್ದೆ. ತಿಂಗಳುಗಳ ಮೇಲೆ ಅರ್ಧ ನೀರಿಗೆ ಇಳಿಯಿತು. ಆದರೆ ಒಂದು ತುದಿ, ಹೆಬ್ಬೆರಳಿನಂಥದು, ನೀರಿನ ಮೇಲೆಯೇ ನಿಂತಿತು. ಚಾದರದಿಂದ ಹೊರಗೆ ಬಂದ ಅವರ ಕಾಲಿನ ಹೆಬ್ಬೆರಳೂ ಹೀಗೇ ಎಂದು ನಾನು ಖಾಜಾಬಿಗೆ ತೋರಿಸಿ ನಗುತ್ತಿದ್ದೆ.

ಒಂದು ಮಧ್ಯಾಹ್ನ ಅವರು ಊಟ ಮಾಡಿ ಮಲಗಿದರು. ನಮ್ಮೂರಿನ ಗುಡ್ಡ ದೂರದಿಂದ ಬುದ್ಧ ಮಲಗಿದ ಹಾಗೆ ಕಾಣುತ್ತದೆ, ಅದರ ಹಾಗೆ ಅಂಗಾತ ಮಲಗುವುದು ಅವರ ರೂಢಿ. "ಏಳ್ರಿ, ತೊಟ್ಟಿ ನೀರು ಬದಲಿಸಬೇಕು" ಎಂದು ಬೈದೆ. ಇನ್ನೊಮ್ಮೆ ಬೈದೆ. ಗುಡ್ಡ ಏಳಲಿಲ್ಲ.

ಅದರ ಬಗ್ಗೆ ನನಗೆ ಇಷ್ಟೇ ಬರೆಯಲು ಬರುತ್ತದೆ.

ಉಳಿದ ಬೇರುಗಳನ್ನೆಲ್ಲ ಸೇಠ್ ಒಯ್ದರು. ಇದನ್ನೂ ಕೇಳಿದರು. ಯಾದಗಿರಿಯಲ್ಲಿ ಹೊಸದಾಗಿ ಒಂದು ಮಕ್ಕಳ ದವಾಖಾನೆ ಆಗುತ್ತಿತ್ತು. ಸೂಜಿಗೆ ಅಂಜುವ ಮಕ್ಕಳು ನೋಡುತ್ತ ಕೂಡಲೆಂದು ಬಾಗಿಲ ಹತ್ತಿರ ದೊಡ್ಡ ಗಾಜಿನ ತೊಟ್ಟಿ ಇಡುವವರಿದ್ದರು. ಅದರ ನಡುವೆ ಈ ಅಂಗೈ ನಿಲ್ಲಬೇಕು ಎಂಬುದು ಸೇಠ್ ಅವರ ಆಸೆ. ಕಲ್ಲು, ತಿರುಪು ಹಿಡಿದುಕೊಂಡೇ ಬಂದರು.

"ಬಿಗಿದು ಕೊಡ್ರಿ ಅಕ್ಕಾ. ದವಾಖಾನಿ ಶುರು ಆಗೂ ವ್ಯಾಳ್ಯಾ ಬಂತು."

"ಬಿಗಿದ್ರ ನಾ ಗೆದ್ದಂಗ ಆಗ್ತದ್ರಿ."

"ಗೆಲ್ರಿ. ಯಾರ್ ಬ್ಯಾಡಂದ್ರು?"

ಜೀವಮಾನದಲ್ಲಿ ಮೊದಲ ಸಲ ನನಗೆ ಸೋಲಬೇಕಿತ್ತು. ಅದನ್ನು ಅವರಿಗೆ ಹೇಗೆ ಹೇಳುವುದು? "ಶುರು ಆಗೂತನಕ ಬಿಡ್ರಿ. ತಾನ ಮುಳುಗಲಿಲ್ಲಾಂದ್ರ ಇದರ ಬದಲಿ ಪ್ಲಾಸ್ಟಿಕ್ ಗುಡಿ ಇಡ್ರಿ" ಎಂದೆ. ಸೇಠ್ ನನ್ನ ಮುಖ ನೋಡಿದರು, ಕಲ್ಲನ್ನು ಗಾಡಿಗೆ ಹಾಕಿಕೊಂಡು ಹೋದರು.

ಖಾಜಾಬಿ ಗೋಡೆಯಾಚೆಯಿಂದ ಎಲ್ಲ ಕೇಳಿದ್ದಳು. "ಒಂದ್ ರಾತ್ರಿ ಮ್ಯಾಲ ಕಲ್ಲು ಹೇರಿಡು ಅಕ್ಕಾ. ಯಾರ್ ನೋಡ್ತಾರ?"

"ಅವರು ನೋಡ್ತಾರ."

ಆಕೆ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ದೇಗು ಉರುಳುವ ಸದ್ದು ಕೇಳಿತು. ಹಳೆಯದಲ್ಲ, ಅವರ ಮನೆಯ ಎಲ್ಲಕ್ಕಿಂತ ದೊಡ್ಡ ದೇಗು, ಮದುವೆಯ ಮರುದಿನದ ವಲೀಮಾ ಊಟಕ್ಕೆ ಇಡುವಂಥದು. "ಕುದಿಸೂದು ನಿನ್ನ ಕೆಲಸ. ಅದಕ್ಕ ಪಂದ್ಯದಾಗ ಅಡ್ಡಿ ಇಲ್ಲಲ್ಲ?" ಎಂದಳು.

ಇರಲಿಲ್ಲ. ಇಬ್ಬರೂ ಸೇರಿ ಆ ಬೇರನ್ನು ಇಡಿಯಾಗಿ ದೇಗಿನಲ್ಲಿ ಇಳಿಸಿದೆವು. ಕುದಿಸಿದೆವು. ಕುದಿಯುವಾಗ ಗಾಳಿ ಗುಳ್ಳೆ ಗುಳ್ಳೆಯಾಗಿ ಹೊರಗೆ ಬರುತ್ತದೆ. ಬಿಸಿ ಇರುವಾಗಲೇ ತಣ್ಣೀರಿಗೆ ಹಾಕಿದರೆ ಗಾಳಿ ಹೋದ ಜಾಗದಲ್ಲಿ ಬೇರು ನೀರು ಕುಡಿಯುತ್ತದೆ. ಈ ಕೆಲಸದ ಗುಟ್ಟು ಇಷ್ಟೇ, ಹೊಸಬರು ನೆನಪಿಡಿರಿ. ಕುದಿಸುವುದು, ತಣ್ಣೀರಿಗೆ ಹಾಕುವುದು, ಮತ್ತೆ ಕುದಿಸುವುದು. ಹೊಗೆಗೆ ನಮ್ಮಿಬ್ಬರ ಕಣ್ಣೂ ಕೆಂಪಾದವು. "ಅಳಾಕತ್ತೀಯೇನ?" ಎಂದು ಆಕೆ ಕೇಳಿದರೆ "ಹೊಗಿ" ಎನ್ನುತ್ತಿದ್ದೆ. ನಾನು ಕೇಳಿದರೆ ಆಕೆಯೂ "ಹೊಗಿ" ಎನ್ನುತ್ತಿದ್ದಳು. ಆಮೇಲೆ ಇಬ್ಬರಿಗೂ ನಗು ಬರುತ್ತಿತ್ತು.

ದವಾಖಾನೆ ಶುರುವಾಗುವ ವಾರ. ಬೆಳಿಗ್ಗೆ ಅಂಗಳ ಗುಡಿಸಲು ಹೊರಗೆ ಬಂದೆ. ತೊಟ್ಟಿಯ ಮೇಲೆ ಹೆಬ್ಬೆರಳು ಇರಲಿಲ್ಲ. ಯಾರೋ ಬೇರನ್ನು ಕದ್ದರೆಂದೇ ಮೊದಲು ಅನಿಸಿತು. ಬಗ್ಗಿ ನೋಡಿದೆ. ತಳದಲ್ಲಿ ಅಂಗೈ ಬಿಚ್ಚಿಕೊಂಡು ಕೂತಿತ್ತು. ತೋಳು ಇಳಿಸಿ ಮುಟ್ಟಿದೆ, ಅಲುಗಾಡಿಸಿದೆ, ಸ್ವಲ್ಪ ಎತ್ತಿ ಬಿಟ್ಟೆ. ತಿರುಗಿ ಹೋಗಿ ತಳಕ್ಕೇ ಕೂತಿತು.

ತಾಟು ಮೊಳೆಯ ಮೇಲೆಯೇ ಇತ್ತು. ತೆಗೆದುಕೊಂಡು ಓಣಿಗೆ ಹೋಗಿ ನಿಂತು ಬಡಿದೆ. ಖಾಜಾಬಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಬಾಗಿಲು ಬಾಗಿಲಿನಿಂದ ಮಂದಿ ಬಂದರು. ನಾಗಪ್ಪನಿಗೆ ಹಾಲು ಹೊಯ್ದವರೆಲ್ಲ ಬಂದರು.

"ಯಾರ್ ಗೆದ್ರು ಅಕ್ಕಾ?" ಎಂದಳು ಖಾಜಾಬಿ.

ಗಂಡ ಹೋದವಳು ಒಡಪು ಹಾಕುವ ರೂಢಿ ನಮ್ಮಲ್ಲಿ ಇಲ್ಲ. ಹಿರಿಯಳೊಬ್ಬಳು ಬಾಯಿಗೆ ಕೈ ಹಚ್ಚಿದಳು. ಆದರೆ ಪಂದ್ಯ ಪಂದ್ಯವೇ. ನಾನು ಹೇಳಿದೆ:

"ತೇಲಿದ ಬೇರು ತಳಕ್ಕ ಕುಂತು ಎಲ್ಲಾರಿಗೂ ಕಾಣೂ ಹಂಗಾತು,
ಭೀಮರಾಯರು ಅಂದದ್ದೇ ಖರೇ, ಸೋತದ್ದು ನನ್ನ ಮಾತು."

ಹೆಸರಿನ ಹತ್ತಿರ ಬಂದಾಗ ದನಿ ಮತ್ತೆ ಸಣ್ಣದಾಗಿತ್ತು. ಖಾಜಾಬಿ ಕಣ್ಣು ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಹಿಟ್ಟು ಹಚ್ಚಿಕೊಂಡು ನಿಂತಿದ್ದಳು.

"ಕೇಳಿಸಲಿಲ್ಲ. ಜೋರಾಗಿ ಹೇಳ್ ಅಕ್ಕಾ."

ಆ ಹಿಟ್ಟಿನ ಮುಖ ನೋಡಿ ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ತಾಟು ಬಡಿದು, ಗುಡ್ಡದ ಕಡೆ ಮುಖ ಮಾಡಿ, ಹೆಸರನ್ನಷ್ಟೇ ಇನ್ನೊಮ್ಮೆ ಕೂಗಿದೆ. ಈ ಸಲ ಸೆರಗು ಬಾಯಿಗೆ ಹೋಗಲಿಲ್ಲ.

ಆಮೇಲೆ ಒಳಗೆ ಹೋಗಿ ಒಲೆ ಹಚ್ಚಿ ಚಹಾಕ್ಕೆ ಇಟ್ಟೆ. ಸೋತವರೇ ಮಾಡಬೇಕಲ್ಲ.